ರಾತ್ರಿ ಗ್ಯಾಸ್ ವಾಸನೆ ಬಂದರೆ ಮೊದಲು ಏನು ಮಾಡಬೇಕು?

ಪ್ರಶ್ನೆ (ಗುಳೇದಗುಡ್ಡದಿಂದ): ಅಣ್ಣಾರೆ, ನಮಸ್ಕಾರ. ಮೊನ್ನೆ ರಾತ್ರಿ 2 ಗಂಟೆಗೆ ನಮ್ಮ ಅತ್ತೆ ನೀರು ಕುಡಿಯಲು ಎದ್ದಾಗ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂತು. ನಮ್ಮ ಮನೆಯವರು ಓಡಿ ಹೋಗಿ ಲೈಟ್ ಹಾಕಿದರು, ಎಕ್ಸಾಸ್ಟ್ ಫ್ಯಾನ್ ಚಾಲೂ ಮಾಡಿದರು. ಆಮೇಲೆ ಸಿಲಿಂಡರ್ ಬಂದ್ ಮಾಡಿದರು. ಏನೂ ಆಗಲಿಲ್ಲ. ಆದರೆ ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅಡುಗೆಮನೆಗೆ ಹೊಂದಿಕೊಂಡೇ ಖಣ (ಕುಪ್ಪಸದ ಬಟ್ಟೆ) ನೇಯುವ ಕುಣಿಮಗ್ಗ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಇದೆ, ಸುತ್ತ ನೂಲಿನ ಲಡಿ. ಸಣ್ಣ ಮಕ್ಕಳಿಬ್ಬರು ಅಲ್ಲೇ ಮಲಗುತ್ತಾರೆ. ನಾವು ಮಾಡಿದ್ದು ಸರಿಯೇ?

ಉತ್ತರ (ಅಗ್ನಿಶಾಮಕ ದಳದ ನಿವೃತ್ತ ಸಿಬ್ಬಂದಿ, ಬಾಗಲಕೋಟೆ): ತಂಗಿ, ನೀವೆಲ್ಲ ಚೆನ್ನಾಗಿದ್ದೀರಲ್ಲ, ಅದೇ ದೊಡ್ಡದು. ಆದರೆ ಲೈಟ್, ಫ್ಯಾನ್ ಹಾಕಿದ್ದು ತಪ್ಪು. ಸ್ವಿಚ್ ಒತ್ತಿದಾಗ ಅದರೊಳಗೆ ಸಣ್ಣ ಕಿಡಿ ಹಾರುತ್ತದೆ. ಗ್ಯಾಸ್ ಹೊತ್ತಿಕೊಳ್ಳಲು ಅಷ್ಟೇ ಸಾಕು. ಆರಿಸುವಾಗಲೂ ಕಿಡಿ ಬರುತ್ತದೆ. ಅದಕ್ಕೇ ಉರಿಯುತ್ತಿರುವ ಲೈಟ್ ಹಾಗೇ ಇರಲಿ, ಫ್ರಿಜ್ ಸ್ವಿಚ್ಚನ್ನೂ ಮುಟ್ಟಬೇಡಿ. ಮೇನ್ ಸ್ವಿಚ್ ಮನೆಯ ಹೊರಗಿದ್ದರೆ ಮಾತ್ರ ಅಲ್ಲಿ ಬಂದ್ ಮಾಡಿ.

ನಿಮ್ಮ ಮನೆಗೆ ಇನ್ನೊಂದು ಮಾತು ಹೇಳಲೇಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಿಮ್ಮ ಮನೆಯಲ್ಲಿ ತಗ್ಗು ಅಂದರೆ ಮಗ್ಗದ ಕುಣಿ. ಅಡುಗೆಮನೆಯಲ್ಲಿ ವಾಸನೆ ಕಡಿಮೆಯಾದರೂ ಕುಣಿಯಲ್ಲಿ ಗ್ಯಾಸ್ ಉಳಿದಿರಬಹುದು. ನೆಲದ ಮೇಲೆ ಮಲಗಿದ ಮಕ್ಕಳೂ ಅದೇ ಮಟ್ಟದಲ್ಲಿರುತ್ತಾರೆ. ಹಾಗಾಗಿ ಮೊದಲು ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋಗಿ. ವಾಸನೆ ಇನ್ನೂ ಸಣ್ಣದಾಗಿದ್ದರೆ ಒಬ್ಬರು ಮಾತ್ರ ಒಳಗೆ ಹೋಗಿ ರೆಗ್ಯುಲೇಟರ್ ಬಂದ್ ಮಾಡಲಿ, ಬಾಗಿಲು ಕಿಟಕಿ ತೆರೆಯಲಿ. ವಾಸನೆ ಜೋರಾಗಿದ್ದರೆ ಯಾರೂ ಒಳಗೆ ಹೋಗಬೇಡಿ. ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ, ಅದು ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್, ರಾತ್ರಿಯೂ ಇರುತ್ತದೆ. ಬೆಂಕಿ ಹತ್ತಿದ್ದರೆ 101 ಅಥವಾ 112.

ಸೋರುವ ಜಾಗ ಹುಡುಕಲು ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಬಂದರೆ ಅಲ್ಲೇ ಸೋರುತ್ತಿದೆ. ಕಡ್ಡಿ ಗೀರಿ ನೋಡುವ ಜನ ಇನ್ನೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಇವತ್ತೇ ಗ್ಯಾಸ್ ಟ್ಯೂಬ್ ಮೇಲಿನ ತಾರೀಖನ್ನೂ ನೋಡಿ ಹೇಳಿ.

ಅದೇ ತಂಗಿ: ನೋಡುತ್ತೇನೆ ಅಣ್ಣಾರೆ. ಇನ್ನೊಂದು ಕೇಳಬೇಕಿತ್ತು. ದೇವರ ಜಗುಲಿ ಅಡುಗೆಮನೆಯಲ್ಲೇ ಇದೆ. ದಸರೆಗೆ ಘಟ ಹಾಕಿದಾಗ ಒಂಬತ್ತು ದಿನ ದೀಪ ಆರಬಾರದು ಅಂತ ಅತ್ತೆ ಹೇಳುತ್ತಾರೆ.

ಉತ್ತರ: ಅತ್ತೆಯ ಮನಸ್ಸು ನೋಯಿಸುವುದು ಬೇಡ. ನಮ್ಮ ಮನೆಯಲ್ಲೂ ಘಟ ಹಾಕುತ್ತೇವೆ. ಆ ಒಂಬತ್ತು ದಿನ ದೀಪವನ್ನು ಗ್ಯಾಸ್ ಮತ್ತು ನೂಲು ಎರಡೂ ಇಲ್ಲದ ಖೋಲಿಯಲ್ಲಿಡಿ. ಅಗಲವಾದ ಹಿತ್ತಾಳೆ ತಟ್ಟೆಯಲ್ಲಿ ಮರಳು ಹಾಕಿ, ನಡುವೆ ದೀಪ ಇಟ್ಟು, ಸುತ್ತ ಗಾಜು ಇಡಿ. ಗಾಜು ಗಾಳಿಗಷ್ಟೇ ಅಲ್ಲ, ಇಲಿಗೂ ಬೇಕು. ಎಣ್ಣೆಯ ಆಸೆಗೆ ಇಲಿ ಉರಿಯುವ ಬತ್ತಿಯನ್ನೇ ಎಳೆದುಕೊಂಡು ಹೋಗುತ್ತದೆ. ಹಾಗೆ ಹೋಗಿ ನೂಲಿನ ಗಂಟಿಗೆ ಸಿಕ್ಕರೆ ಮುಗಿಯಿತು. ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡುವುದು ದಸರೆಗಷ್ಟೇ ಅಲ್ಲ, ದಿನಾಲೂ ಆಗಬೇಕು. ಆ ಕೆಲಸವನ್ನು ಅತ್ತೆಗೇ ವಹಿಸಿ, ಅವರು ಮರೆಯುವುದಿಲ್ಲ.

ಪ್ರಶ್ನೆ (ವಿಜಯಪುರದಿಂದ): ಸರ್, ಬಜಿ ಕರಿಯುವಾಗ ಎಣ್ಣೆಗೇ ಬೆಂಕಿ ಹತ್ತಿದರೆ?

ಉತ್ತರ: ನೀರು ಹಾಕಲೇಬೇಡಿ. ನೀರು ಕಾದ ಎಣ್ಣೆಯ ಕೆಳಗೆ ಇಳಿದು ಒಮ್ಮೆಲೇ ಆವಿಯಾಗುತ್ತದೆ, ಉರಿಯುವ ಎಣ್ಣೆಯನ್ನು ಚಾವಣಿವರೆಗೆ ಹಾರಿಸುತ್ತದೆ. ಒಲೆ ಆರಿಸಿ, ಬಾಣಲೆಯನ್ನು ಅಲುಗಾಡಿಸದೆ ತಟ್ಟೆ ಮುಚ್ಚಿ. ತಣ್ಣಗಾಗುವ ತನಕ ತೆರೆಯಬೇಡಿ. ಕೈ ಸುಟ್ಟರೆ 20 ನಿಮಿಷ ನಳದ ನೀರಿನ ಕೆಳಗೆ ಹಿಡಿಯಿರಿ, ಟೂತ್‌ಪೇಸ್ಟ್ ಬೇಡ.

ಗುಳೇದಗುಡ್ಡದ ತಂಗಿ: ಅಣ್ಣಾರೆ, ಟ್ಯೂಬ್ ಮೇಲೆ 2016 ಅಂತ ಇದೆ. ರೆಗ್ಯುಲೇಟರ್ ಹತ್ತಿರ ಸೀಳಿದೆ.

ಉತ್ತರ: ಸಿಕ್ಕಿತು ನೋಡಿ! ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸದು ಹಾಕುವ ತನಕ ಒಲೆ ಹಚ್ಚಬೇಡಿ, ಊಟ ಪಕ್ಕದ ಮನೆಯಿಂದ ಬಂದರೂ ಪರವಾಗಿಲ್ಲ. ಗ್ಯಾಸ್ ಏಜೆನ್ಸಿಯಲ್ಲೇ ಐಎಸ್‌ಐ ಗುರುತಿನ, ಒಳಗೆ ತಂತಿ ಹೆಣೆದ ಟ್ಯೂಬ್ ಕೇಳಿ. ಹಳೆಯದನ್ನು ತುಂಡು ತುಂಡು ಮಾಡಿ ಎಸೆಯಿರಿ. ಇಡಿಯಾಗಿ ಎಸೆದರೆ ಯಾರಾದರೂ ಒಯ್ದು ತಮ್ಮ ಮನೆಯಲ್ಲಿ ಹಾಕಿಕೊಳ್ಳುತ್ತಾರೆ.