ಬಿಸಿಗೆ ಗಟ್ಟಿಯಾಗಿ, ತಂಪಿಗೆ ನೀರಾಗುವ ಜೆಲ್‌ಗಳ ಬಳಕೆ ಎಲ್ಲಿ?

ಪ್ರಶ್ನೆ: ವಿಜ್ಞಾನ ಅಧ್ಯಾಪಕ, ಬದಿಯಡ್ಕ
ನಮ್ಮ ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯಲ್ಲಿ, ಕುದಿಸಿದ ಚೈನಾಗ್ರಾಸ್ ತಣಿದಾಗ ಹೆಪ್ಪುಗಟ್ಟುವುದನ್ನೂ ಮತ್ತೆ ಚೆನ್ನಾಗಿ ಕಾಯಿಸಿದರೆ ಕರಗುವುದನ್ನೂ ತೋರಿಸಿದೆ. ಇದಕ್ಕೆ ತದ್ವಿರುದ್ಧವಾಗಿ ಬಿಸಿಗೆ ಗಟ್ಟಿಯಾಗುವ ಜೆಲ್‌ಗಳೂ ಇವೆ ಎಂದಾಗ ಒಬ್ಬ ಹುಡುಗಿ, "ತೆಳ್ಳವಿನ ಹಿಟ್ಟೂ ಕಾವಲಿಯಲ್ಲಿ ಗಟ್ಟಿಯಾಗುತ್ತದಲ್ಲ ಸರ್?" ಎಂದಳು. ಅವಳಿಗೆ ಏನು ಹೇಳಲಿ? ಇಂಥ ಜೆಲ್‌ಗಳಿಂದ ನಿಜವಾದ ಪ್ರಯೋಜನವೇನು?

ಉತ್ತರ 1: ಔಷಧಶಾಸ್ತ್ರದ ಉಪನ್ಯಾಸಕಿ, ಮಂಜೇಶ್ವರ
ಮಾಸ್ತರರೇ, ತೆಳ್ಳವನ್ನು ಎಷ್ಟು ತಣಿಸಿದರೂ ಅದು ಮರಳಿ ಹಿಟ್ಟಾಗುವುದಿಲ್ಲ, ವ್ಯತ್ಯಾಸವಿರುವುದು ಅಲ್ಲಿಯೇ. ಪೊಲೊಕ್ಸಮರ್ 407 ಎಂಬ ಪಾಲಿಮರಿನ (ಉದ್ದ ಸರಪಳಿಯಂಥ ಅಣುಗಳ ವಸ್ತುವಿನ) ಸುಮಾರು ಶೇಕಡಾ 20ರ ದ್ರಾವಣ ಫ್ರಿಜ್ಜಿನಲ್ಲಿ ನೀರಿನಂತೆ ಹರಿಯುತ್ತದೆ, ಮೈಬಿಸಿಗೆ ಗಟ್ಟಿಯಾಗುತ್ತದೆ, ತಣಿಸಿದರೆ ಮತ್ತೆ ಹರಿಯುತ್ತದೆ. ಅದರ ಅಣುವಿನ ನಡುಭಾಗಕ್ಕೂ ನೀರಿಗೂ ಅಷ್ಟಕ್ಕಷ್ಟೆ. ಬಿಸಿಯೇರಿದಂತೆ ಸುತ್ತಲಿನ ನೀರಿನ ಹಿಡಿತ ಸಡಿಲಗೊಂಡು, ಆ ಭಾಗಗಳು ಒಂದನ್ನೊಂದು ಸೇರಿ ಮೈಸೆಲ್‌ಗಳೆಂಬ ಸೂಕ್ಷ್ಮ ಉಂಡೆಗಳಾಗಿ ಒತ್ತೊತ್ತಾಗಿ ನಿಲ್ಲುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿಗೆ ನೀಡಿದ ಒಂದು ಔಷಧ ಇದಕ್ಕೆ ಒಳ್ಳೆಯ ಉದಾಹರಣೆ. ಮೂತ್ರಪಿಂಡದಿಂದ ಮೂತ್ರ ಇಳಿಯುವ ದಾರಿಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರಿಗೆ ಮೈಟೊಮೈಸಿನ್ ಎಂಬ ಮದ್ದನ್ನು ಇಂಥ ಜೆಲ್‌ನಲ್ಲಿ ಕಲಸಿ ತಣ್ಣನೆಯ ದ್ರವವಾಗಿ ನಳಿಕೆಯಲ್ಲಿ ಹಾಯಿಸುತ್ತಾರೆ. ಬರಿಯ ನೀರಿನಲ್ಲಿ ಕಲಸಿದ್ದರೆ ಮೂತ್ರದೊಡನೆ ಬೇಗನೆ ಕೊಚ್ಚಿಹೋಗುತ್ತಿದ್ದ ಮದ್ದು, ಅಲ್ಲಿ ಜೆಲ್ ಆಗಿ 4ರಿಂದ 6 ಗಂಟೆ ಅಂಟಿಕೊಂಡಿರುತ್ತದೆ.

ಉತ್ತರ 2: ಸಂಶೋಧನಾ ವಿದ್ಯಾರ್ಥಿ, ಕುಂಬಳೆ
ಮೇಲಿನ ಮಾತಿಗೆ ಒಂದು ತಿದ್ದುಪಡಿ ಬೇಕು. ಶಾಖಕ್ಕೆ ಸ್ಪಂದಿಸುವ ಜೆಲ್‌ಗಳೆಲ್ಲ ಹೀಗೆ ಹೆಪ್ಪುಗಟ್ಟುವುದಿಲ್ಲ. ಪಿನಿಪಾಮ್ ಎಂಬ ಪಾಲಿಮರಿನ ಜೆಲ್ ಸುಮಾರು 32 ಡಿಗ್ರಿ ದಾಟಿದೊಡನೆ ನೀರನ್ನು ಹೊರದೂಡಿ ಕುಗ್ಗುತ್ತದೆ. ಜಪಾನಿನ ತೆರುಒ ಒಕಾನೊ ಅವರ ತಂಡ ಇದರ ತೆಳುಪದರವನ್ನು ತಟ್ಟೆಗೆ ಲೇಪಿಸಿ, 37 ಡಿಗ್ರಿಯಲ್ಲಿ ಜೀವಕೋಶಗಳನ್ನು ಬೆಳೆಸಿ, ಬಳಿಕ 20 ಡಿಗ್ರಿಗೆ ತಣಿಸಿತು. ಪದರ ನೀರು ಹೀರಿದಾಗ ಕೋಶಗಳು, ಬಿಡಿಸಲು ಕಿಣ್ವದ ಹಂಗಿಲ್ಲದೆ, ಇಡಿಯ ಹಾಳೆಯಾಗಿ ಎದ್ದುಬಂದವು. ಬಾಯಿಯ ಒಳಪದರದಿಂದ ಹೀಗೆ ಬೆಳೆಸಿದ ಹಾಳೆಗಳನ್ನು ಕಣ್ಣಿನ ಕಾರ್ನಿಯಕ್ಕೆ ಕಸಿ ಮಾಡಿದ ವರದಿ 2004ರಲ್ಲಿ ಬಂದಿದೆ. ತರಗತಿಗೆ ಮಾತ್ರ ಇದು ಬೇಡ, ಇದನ್ನು ತಯಾರಿಸುವ ಮಾನೊಮರ್ (ಸರಪಳಿಯಾಗಿ ಜೋಡಿಸುವ ಬಿಡಿ ಅಣುಗಳ ಕಚ್ಚಾವಸ್ತು) ವಿಷಕಾರಿ.

ಉತ್ತರ 3: ಸೆರಾಮಿಕ್ ಉತ್ಪಾದನಾ ವಿಭಾಗ, ಹೊಸೂರು
ಮೇಷ್ಟ್ರೇ, ಕಾರ್ಖಾನೆಗಳಲ್ಲಿ ನೆಚ್ಚಿನದು ಮೀಥೈಲ್ ಸೆಲ್ಯುಲೋಸ್ ಎಂಬ ಅಂಟು. ವಾಹನಗಳ ಹೊಗೆ ಶುದ್ಧೀಕರಿಸುವ, ಜೇನುಗೂಡಿನಂಥ ಸೆರಾಮಿಕ್ ತುಂಡನ್ನು ಅಚ್ಚಿನಿಂದ ಒತ್ತಿ ತೆಗೆದಾಗ ಅದರ ತೆಳುಗೋಡೆಗಳು ಮೆತ್ತಗಿರುತ್ತವೆ; ಒಣಗಿಸುವ ಬಿಸಿಗೆ ಈ ಅಂಟು ಜೆಲ್ ಆಗಿ ಗೋಡೆಗಳು ಕುಸಿಯದಂತೆ ಹಿಡಿಯುತ್ತದೆ, ಮುಂದೆ ಸುಡುವಾಗ ತಾನೇ ಉರಿದುಹೋಗುತ್ತದೆ. ಆಹಾರದಲ್ಲಿಯೂ ಬಳಸುವ ಪದಾರ್ಥವಾದ್ದರಿಂದ ಶಾಲೆಗೆ ಇದೇ ಲೇಸು. ಪುಡಿಯನ್ನು ಮೊದಲು ಬಿಸಿನೀರಿನಲ್ಲಿ ಕದಡಿ, ಆಮೇಲೆ ತಣಿಸಿದರೆ ಗಂಟುಕಟ್ಟದೆ ಕರಗುತ್ತದೆ (ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ನಂಬುವುದೇ ಇಲ್ಲ). ಸುಮಾರು 50-60 ಡಿಗ್ರಿಗೆ ಕಾಯಿಸಿದರೆ ಹೆಪ್ಪುಗಟ್ಟುತ್ತದೆ.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ಮೀಥೈಲ್ ಸೆಲ್ಯುಲೋಸನ್ನೇ ತರಿಸುತ್ತೇನೆ. ತಣಿದರೆ ಕರಗುವ ಸಂಗತಿಯನ್ನು ಆ ಹುಡುಗಿಗೆ ಮೊದಲೇ ಹೇಳುವುದಿಲ್ಲ.