ಸಹಾಯ ಬೇಕು: ಸ್ಪ್ಯಾನಿಷ್‌ನಲ್ಲಿ ‘ಸಂಪಾದಕ’ರಿಗೆ ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಪತ್ರಿಕೆಗಳ ಕುರಿತು ಸ್ಪ್ಯಾನಿಷ್‌ನಲ್ಲಿ ಪ್ರಬಂಧ ಬರೆಯುತ್ತಿದ್ದೇನೆ, ಪದಗಳ ಆಯ್ಕೆಯಲ್ಲಿ ಸಿಕ್ಕಿಕೊಂಡಿದ್ದೇನೆ.

ದೊಡ್ಡ ಗೊಂದಲ ‘ಸಂಪಾದಕ’ ಎಂಬ ಪದದ್ದು. ಮೊದಲು ‘ಎದಿತೋರ್’ ಎಂದು ಬರೆದಿದ್ದೆ. ಅದು ಹೆಚ್ಚಾಗಿ ಪ್ರಕಾಶಕರನ್ನು ಸೂಚಿಸುತ್ತದೆ, ಪತ್ರಿಕೆಯ ಮುಖ್ಯ ಸಂಪಾದಕರನ್ನು ‘ದಿರೆಕ್ತೋರ್’ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಹಾಗಾದರೆ ವರದಿ ತಿದ್ದುವ ಉಪಸಂಪಾದಕರಿಗೆ ‘ರೆದಕ್ತೋರ್’ ಹೊಂದುತ್ತದೆಯೇ, ಅಥವಾ ಅದು ಸುದ್ದಿ ಬರೆಯುವವರಿಗೆ ಮಾತ್ರವೇ? ‘ಎದಿತೋರಿಯಾಲ್’ ಅಂತೂ ಲಿಂಗ ಬದಲಾದರೆ ಅರ್ಥವನ್ನೇ ಬದಲಿಸಿಕೊಳ್ಳುತ್ತದೆ: ಪದಕ್ಕೆ ಮೊದಲು ಪುಲ್ಲಿಂಗ ಸೂಚಿಸುವ ‘ಎಲ್’ ಬಂದರೆ ಸಂಪಾದಕೀಯ, ಸ್ತ್ರೀಲಿಂಗ ಸೂಚಿಸುವ ‘ಲಾ’ ಬಂದರೆ ಪ್ರಕಾಶನ ಸಂಸ್ಥೆ. ಇಂಥ ಸೂಕ್ಷ್ಮಗಳಿಗಾಗಿಯೇ ಈ ಭಾಷೆ ನನಗೆ ಇಷ್ಟ. ತಪ್ಪಾಗಬಾರದೆಂಬ ಆತಂಕವೂ ಅಷ್ಟೇ ಇದೆ.

‘ದಿಯಾರಿಯೊ’ ದಿನಪತ್ರಿಕೆ, ‘ಸೆಮನಾರಿಯೊ’ ವಾರಪತ್ರಿಕೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮುಖಪುಟಕ್ಕೆ ಸ್ಪೇನ್‌ನಲ್ಲಿ ‘ಪೋರ್ತಾದಾ’, ಅರ್ಜೆಂಟೀನಾದಲ್ಲಿ ‘ತಾಪಾ’ ಎನ್ನುತ್ತಾರೆ. ಎರಡೂ ಕಡೆಯ ಓದುಗರಿಗೆ ‘ಪ್ರಿಮೇರಾ ಪ್ಲಾನಾ’ (ಮೊದಲ ಪುಟ) ಸಹಜವೆನಿಸುತ್ತದೆಯೇ? ‘ಕ್ರೋನಿಕಾ’ (ಘಟನೆಯ ನಿರೂಪಣೆ) ಮತ್ತು ‘ರೆಪೋರ್ತಾಹೆ’ (ಆಳವಾದ ವಿಶೇಷ ವರದಿ) ನಡುವಿನ ಗೆರೆ ಎಲ್ಲಿದೆ?

ಬಲ್ಲವರು ದಯವಿಟ್ಟು ಒಂದೊಂದು ಉದಾಹರಣೆ ವಾಕ್ಯದೊಂದಿಗೆ ತಿಳಿಸಿ. ಶುಕ್ರವಾರದೊಳಗೆ ಪ್ರಬಂಧ ಸಲ್ಲಿಸಬೇಕಿದೆ.