ಬ್ರೇಕ್ ಹಿಡಿದ ಕೂಡಲೇ ಎಂಜಿನ್ ಆಫ್. ನೀಡಲ್ ತಿರುಗಿಸಿ ತಿರುಗಿಸಿ ಸಾಕಾಯ್ತು

ಕೆಂಪುಧೂಳು, ಪೆರ್ಲ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನದು 1/8 ನಿಟ್ರೋ ಬಗ್ಗಿ, ಅಂದರೆ ನಿಜವಾದ ಗಾಡಿಯ ಎಂಟನೇ ಒಂದು ಅಳತೆಯ, ನಿಟ್ರೋ ಇಂಧನದಲ್ಲಿ ಓಡುವ ರಿಮೋಟ್ ಕಾರು. ಎಂಜಿನ್ .21, ಅಂದರೆ 3.5 ಸಿಸಿ. ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಭಾವ ದುಬೈಯಿಂದ ಬರುವಾಗ ತಂದದ್ದು. ಅವರಿಗೆ ಎರಡು ತಿಂಗಳಲ್ಲಿ ಬೇಸರ ಬಂತು, ನನಗೆ ಹುಚ್ಚು ಹಿಡಿಯಿತು.

ಓಡಿಸುವುದು ಮನೆಯ ಮೇಲಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ. ಪೂರ್ತಿ ಮುರಕಲ್ಲು, ಕೆಂಪು ಧೂಳು. ಅಂಗಳದಲ್ಲಿ ಓಡಿಸೋಣ ಅಂದರೆ ಈಗ ಅಡಿಕೆ ಒಣಹಾಕಿದ್ದಾರೆ. ಅಲ್ಲಿ ಗಾಡಿ ಇಳಿಸಿದರೆ ಅಮ್ಮ ಹಿಡಿಸೂಡಿ ಹಿಡಿದುಕೊಂಡೇ ಬರುತ್ತಾರೆ.

ತೊಂದರೆ ಇಷ್ಟು. ತಣ್ಣಗಿರುವಾಗ ಒಳ್ಳೆ ಸ್ಟಾರ್ಟ್ ಆಗುತ್ತದೆ. ನಾಲ್ಕೈದು ನಿಮಿಷ ಚಂದಕ್ಕೆ ಓಡುತ್ತದೆ. ಬಿಸಿ ಹತ್ತಿದ ಮೇಲೆ ತಿರುವಿಗೆ ಬಂದು ಬ್ರೇಕ್ ಹಿಡಿದೆನೋ, ಎಂಜಿನ್ ಆಫ್. ಓಡಿ ಹೋಗಿ ಹಗ್ಗ ಎಳೆಯಬೇಕು. ಗಾಡಿ ಸಾಯುವುದು ಯಾವಾಗಲೂ ಪದವಿನ ಆ ಕೊನೆಯಲ್ಲಿಯೇ, ಅದು ಬೇರೆ ಕಥೆ. ಮೂರು ಭಾನುವಾರ ಹೀಗೇ ಹೋಯಿತು, ಬಲ ಹೆಗಲು ಈಗಲೂ ನೋಯುತ್ತದೆ.

ನಾನು ಮಾಡಿದ್ದು: ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಹೊಸದು ಹಾಕಿದೆ. ಐಡಲ್ (ಟ್ರಿಗರ್ ಬಿಟ್ಟಾಗ ಎಂಜಿನ್ ಮೆಲ್ಲ ತಿರುಗುವ ಸ್ಪೀಡು) ಸ್ಕ್ರೂ ಏರಿಸಿದೆ. ಲೋ ನೀಡಲ್ (ಕಡಿಮೆ ಸ್ಪೀಡಿನಲ್ಲಿ ಎಷ್ಟು ಇಂಧನ ಹೋಗಬೇಕೆಂದು ಹೊಂದಿಸುವ ಸ್ಕ್ರೂ) ಸ್ವಲ್ಪ ಸ್ವಲ್ಪವೇ ಒಳಗೆ ತಿರುಗಿಸುತ್ತಾ ಒಟ್ಟು ಅರ್ಧ ಸುತ್ತಿನಷ್ಟು ಲೀನ್ ಮಾಡಿದೆ, ಅಂದರೆ ಇಂಧನ ಕಡಿಮೆ ಮಾಡಿದೆ. ಈಗ ಮೊದಲಿನಷ್ಟು ಬೇಗ ಸಾಯುವುದಿಲ್ಲ. ಆದರೆ ಟ್ರಿಗರ್ ಬಿಟ್ಟರೂ ಗಾಡಿ ನಿಲ್ಲುವುದಿಲ್ಲ, ಮೆಲ್ಲ ತೆವಳುತ್ತಾ ಹೋಗುತ್ತದೆ. ಹೆಡ್ (ಎಂಜಿನ್ನಿನ ತಲೆಭಾಗ) ಮೇಲೆ ನೀರಿನ ಹನಿ ಬಿಟ್ಟರೆ ನಿಲ್ಲುವುದೇ ಇಲ್ಲ, ಚಟ್ ಅಂತ ಹಾರಿ ಹೋಗುತ್ತದೆ. ಇಂಧನ 16% ನಿಟ್ರೋ, ಉಳಿದದ್ದು ಮೆಥನಾಲ್ ಮತ್ತು ಎಣ್ಣೆ.

ಎಂತ ಮಾಡುವುದು ಮಾರಾಯ್ರೆ? ಎಂಜಿನ್ ಮುಗಿಯಿತಾ?

ಗ್ಲೋಪ್ಲಗ್, ಹೊಸೂರು (ಸೋಮವಾರ ಬೆಳಗ್ಗೆ)

ಗುರು, ಮೊದಲು ಆ ನೀಡಲ್‌ನಿಂದ ಕೈ ತೆಗಿ. ನೀರಿನ ಹನಿ ಚುರ್ ಅಂದು ಮೂರು ನಾಲ್ಕು ಸೆಕೆಂಡಲ್ಲಿ ಆರಬೇಕು. ಮುಟ್ಟಿದ ಕೂಡಲೇ ಹಾರಿದರೆ ಹೆಡ್ ತುಂಬಾ ಬಿಸಿ. 100ರಿಂದ 120 ಡಿಗ್ರಿ ಒಳಗಿದ್ದರೆ ಒಳ್ಳೇದು. ಲೀನ್ ಓಡಿದರೆ ಎಣ್ಣೆಯೂ ಕಮ್ಮಿ ಹೋಗುತ್ತೆ. ಈ ಎಂಜಿನ್‌ಗೆ ಎಣ್ಣೆ ಬರೋದೇ ಇಂಧನದ ಜೊತೆ, ಬೇರೆ ದಾರಿ ಇಲ್ಲ. ಪಿಸ್ಟನ್ ಸ್ಲೀವ್ ಸವೆದರೆ ಆಮೇಲೆ ಅಳಬೇಕಾಗುತ್ತೆ.

ಪಿಂಚ್ ಮಾಡಿ ನೋಡು. ಎಂಜಿನ್ ಬಿಸಿ ಇರುವಾಗ, ಐಡಲ್‌ನಲ್ಲಿ, ಕಾರ್ಬುರೇಟರ್ ಹತ್ತಿರ ಇಂಧನದ ಪೈಪ್ ಹಿಸುಕಿ ಹಿಡಿ. ಎರಡು ಮೂರು ಸೆಕೆಂಡ್ ಓಡಿ, ಸ್ವಲ್ಪ ದನಿ ಏರಿಸಿ ಆಫ್ ಆದರೆ ಲೋ ನೀಡಲ್ ಸರಿ. ತಕ್ಷಣ ಸತ್ತರೆ ಲೀನ್. ಸುಮ್ನೆ ಓಡ್ತಾನೇ ಇದ್ದು ಜೋರಾಗಿ ಕೂಗಿದರೆ ರಿಚ್, ಅಂದರೆ ಇಂಧನ ಜಾಸ್ತಿ.

ಇನ್ನೊಂದು. ನನ್ನ ಸೆಟ್ಟಿಂಗ್ ಕೇಳಬೇಡ. ನಮ್ಮ ಹೊಸೂರು ಸಮುದ್ರ ಮಟ್ಟದಿಂದ 900 ಮೀಟರ್ ಹತ್ತಿರ ಇದೆ, ಗಾಳಿ ತೆಳು, ಇಲ್ಲಿ ನೀಡಲ್ ಸ್ವಲ್ಪ ಒಳಗೇ ಇರುತ್ತೆ. ಅದನ್ನೇ ಕೆಳಗೆ ನಿಮ್ಮ ಕಡೆ ಹಾಕಿದರೆ ಲೀನ್ ಆಗಿ ಕೂರುತ್ತೆ. ನಿಮ್ಮಲ್ಲಿ ಸೆಕೆ, ತೇವ ಜಾಸ್ತಿ, ಅದರ ಲೆಕ್ಕ ಮತ್ತೆ ಬೇರೆ. ಬೆಳಗಿನ ಸೆಟ್ಟಿಂಗ್ ಮಧ್ಯಾಹ್ನಕ್ಕೆ ಕೂರಲ್ಲ.

ಇಂಧನದ ಡಬ್ಬ ಎಷ್ಟು ಹಳೇದು? ಮೆಥನಾಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತೆ. ಮುಚ್ಚಳ ಸಡಿಲ ಬಿಟ್ಟು ಒಂದು ಮಳೆಗಾಲ ಕಳೆದಿದ್ದರೆ ಅದನ್ನು ನಂಬಬೇಡ.

ಕೆಂಪುಧೂಳು, ಪೆರ್ಲ (ಮಂಗಳವಾರ ಸಂಜೆ)

ಡಬ್ಬ ಹೊಸದು, ಡಿಸೆಂಬರಿನಲ್ಲಿ ಒಡೆದದ್ದು. ಪಿಂಚ್ ಮಾಡಿದೆ. ಹಿಸುಕಿದ ಕೂಡಲೇ ಸತ್ತಿತು. ನೀವು ಹೇಳಿದ ಹಾಗೆ ಲೀನ್. ಲೋ ನೀಡಲ್ ಹೊರಗೆ ಬಿಡುತ್ತಾ ಬಂದೆ, ಪಿಂಚ್ ಸರಿಯಾಯಿತು. ಖುಷಿಯಲ್ಲಿ ಗಾಡಿ ಬಿಟ್ಟೆ. ಬ್ರೇಕ್ ಹಿಡಿದರೆ ಮೊದಲಿಗಿಂತ ಬೇಗ ಆಫ್!

ಲೀನ್ ಇಟ್ಟರೆ ಹೆಡ್ ಬಿಸಿ, ಸರಿ ಇಟ್ಟರೆ ಬ್ರೇಕಿಗೆ ಸಾವು. ತಲೆ ಕೆಟ್ಟಿತು.

ಪಂಪಿನಂಗಡಿ, ಮುಳ್ಳೇರಿಯ (ಮಂಗಳವಾರ ರಾತ್ರಿ)

ನನಗೆ ನಿಮ್ಮ ಈ ಆಟದ ಕಾರು ಗೊತ್ತಿಲ್ಲ. ಮಗ ಓದಿ ಹೇಳಿದ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಕೆಲಸ ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಮಿಷನ್ ರಿಪೇರಿ.

ತಮ್ಮಾ, ನೀನು ಮೊದಲ ದಿನವೇ ಉತ್ತರ ಬರೆದು ಬಿಟ್ಟಿದ್ದಿ. ಟ್ರಿಗರ್ ಬಿಟ್ಟರೂ ಗಾಡಿ ತೆವಳುತ್ತದೆ ಅಂದೆಯಲ್ಲ, ಅದೇ. ಹುಲ್ಲಿನ ಮಿಷನ್ನಿನಲ್ಲಿಯೂ ಇದೇ ತರದ ಕ್ಲಚ್. ಎಂಜಿನ್ ಮೆಲ್ಲ ತಿರುಗುವಾಗ ಸ್ಪ್ರಿಂಗು ಶೂವನ್ನು ಒಳಗೆ ಹಿಡಿದಿರುತ್ತದೆ. ಸ್ಪೀಡು ಏರಿದರೆ ಶೂ ಹೊರಗೆ ಸರಿದು ಡ್ರಮ್ಮಿಗೆ ಉಜ್ಜುತ್ತದೆ, ಬ್ಲೇಡು ತಿರುಗುತ್ತದೆ. ಐಡಲಿನಲ್ಲಿ ಬ್ಲೇಡು ತಿರುಗಬಾರದು. ತಿರುಗಿದರೆ ನಾನು ಐಡಲ್ ಇಳಿಸಿ ನೋಡುತ್ತೇನೆ, ಆಗಲೂ ತಿರುಗಿದರೆ ಡ್ರಮ್ಮು ಬಿಚ್ಚುತ್ತೇನೆ. ಕಾರ್ಬುರೇಟರಿನ ಸುದ್ದಿಗೆ ಹೋಗುವುದಿಲ್ಲ.

ನಿನ್ನ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಬೈಕಿನಲ್ಲಿ ಗೇರ್ ಹಾಕಿಟ್ಟು ಕ್ಲಚ್ ಹಿಡಿಯದೆ ಬ್ರೇಕ್ ಒತ್ತಿದ ಹಾಗೆ. ಚಕ್ರ ನಿಂತರೆ ಎಂಜಿನ್ನೂ ನಿಲ್ಲಬೇಕು, ಅಲ್ವಾ? ಅದರದ್ದು ಎಂತ ತಪ್ಪು?

ಹೀಗೆ ಮಾಡು. ಎಂಜಿನ್ ಆಫ್ ಮಾಡಿ ಗಾಡಿಯನ್ನು ಕೈಯಲ್ಲಿ ದೂಡು. ಸರಾಗ ಹೋದರೆ ಬ್ರೇಕ್ ಹಿಡಿದುಕೊಂಡಿಲ್ಲ ಅಂತ ಅರ್ಥ. ಆಮೇಲೆ ಗಾಡಿಯನ್ನು ಕಲ್ಲಿನ ಮೇಲೆ ಎತ್ತಿ ಇಟ್ಟು, ಚೆನ್ನಾಗಿ ಬಿಸಿ ಮಾಡಿ, ಐಡಲಿಗೆ ತಂದು ಬ್ರೇಕ್ ಒತ್ತು. ಗಾಳಿಯಲ್ಲಿ ಚಕ್ರ ಮೆಲ್ಲ ತಿರುಗಿದರೆ ದೊಡ್ಡ ವಿಷಯ ಅಲ್ಲ. ಬ್ರೇಕ್ ಒತ್ತಿದಾಗ ಎಂಜಿನಿನ ದನಿ ಕುಗ್ಗಿದರೆ ಕ್ಲಚ್ ಬಿಚ್ಚು. ಸ್ಪ್ರಿಂಗು ತುಂಡಾಗಿರಬಹುದು, ಇಲ್ಲದಿದ್ದರೆ ಬೇರಿಂಗು. ಬಿಸಿ ಹತ್ತಿದ ಮೇಲೆ ಮಾತ್ರ ಅಂತೀಯಲ್ಲ, ನನಗೆ ಬೇರಿಂಗಿನ ಮೇಲೇ ಸಂಶಯ.

ಗ್ಲೋಪ್ಲಗ್, ಹೊಸೂರು

ಅಣ್ಣಾ, ಕೈ ಮುಗಿದೆ. ತೆವಳುತ್ತೆ ಅಂದಿದ್ದನ್ನ ನಾನು ಐಡಲ್ ಜಾಸ್ತಿ ಆಗಿದೆ ಅಂತಲೇ ಓದಿಕೊಂಡು ಬಿಟ್ಟೆ.

ಕೆಂಪುಧೂಳು, ಪೆರ್ಲ (ಗುರುವಾರ ರಾತ್ರಿ)

ಬಿಚ್ಚಿದೆ. ಕೂತು ಕೇಳಿ.

ಕೈಯಲ್ಲಿ ದೂಡಿದರೆ ಸರಾಗ ಹೋಯಿತು. ಬಿಸಿ ಮಾಡಿ ಎತ್ತಿ ಬ್ರೇಕ್ ಒತ್ತಿದೆ, ದನಿ ಕುಗ್ಗಿ ಆಫ್. ಅಡಿಯ ನಾಲ್ಕು ಸ್ಕ್ರೂ ತೆಗೆದು ಎಂಜಿನ್ ಹೊರಗೆ ಎತ್ತಿದೆ. ಸ್ಕ್ರೂ, ವಾಷರ್ ಉರುಳಿ ಹೋಗದ ಹಾಗೆ ಅಡಿಕೆ ಹಾಳೆಯ ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಅದಕ್ಕಿಂತ ಒಳ್ಳೆ ಟ್ರೇ ಇಲ್ಲ.

ಕ್ಲಚ್ ಬೆಲ್ಲಿನ (ಅಣ್ಣ ಹೇಳಿದ ಡ್ರಮ್ಮು ಇದೇ) ತುದಿಯ ಸ್ಕ್ರೂ ತೆಗೆದೆ. ಬೆಲ್ ಸುಮ್ಮನೆ ಜಾರಿ ಬರಬೇಕು. ಬರಲಿಲ್ಲ. ತಿರುಗಿಸಿ ತಿರುಗಿಸಿ ಎಳೆದಾಗ ಬಂತು. ಒಳಗೆ ಕಪ್ಪು ಹುಡಿ, ಬೆಲ್ಲಿನ ಬಾಯಿ ನೀಲಿ ಬಣ್ಣಕ್ಕೆ ತಿರುಗಿದೆ. ಮೂರು ಶೂ, ಮೂರು ಸ್ಪ್ರಿಂಗು ಸರಿ ಇವೆ. ಬೆಲ್ಲಿನಲ್ಲಿ ಎರಡು ಬೇರಿಂಗು. ಹೊರಗಿನದ್ದು ಬೆರಳು ಹಾಕಿ ತಿರುಗಿಸಿದರೆ ತಿರುಗುತ್ತದೆ. ಒಳಗಿನದ್ದು, ಫ್ಲೈವೀಲಿನ ಕಡೆಯದ್ದು, ಕರಕರ ಎಂದು ಅರ್ಧ ಸುತ್ತು ಹೋಗಿ ನಿಲ್ಲುತ್ತದೆ. ಗ್ರೀಸು ಸುಟ್ಟು ಇದ್ದಿಲಾಗಿದೆ, ಅದಕ್ಕೆ ಕೆಂಪು ಧೂಳು ಸೇರಿ ಗಾರೆ ಹಾಕಿದ ಹಾಗೆ ಆಗಿದೆ. ಮುಳ್ಳೇರಿಯದ ಅಣ್ಣ ಹೇಳಿದ್ದೇ ಸರಿ.

ಈಗ ನಾಚಿಕೆಯ ಭಾಗ. ತುದಿಯಲ್ಲಿ ಶಿಮ್, ಅಂದರೆ ತೆಳು ವಾಷರ್, ಎರಡು ಇದ್ದವು. ಕಂಪನಿಯದ್ದು ಒಂದು, ಇನ್ನೊಂದು ಹಾಕಿದ್ದು ನಾನೇ. ಬೆಲ್ ಹಿಂದೆ ಮುಂದೆ ಅಲ್ಲಾಡುತ್ತದೆ, ಇದು ಸರಿಯಲ್ಲ ಅಂತ ದೀಪಾವಳಿಗೆ ಬಿಗಿ ಮಾಡಿದ್ದೆ. ಆ ಅಲ್ಲಾಟ ಬೇಕಂತ ಗೊತ್ತಿರಲಿಲ್ಲ.

ಗ್ಲೋಪ್ಲಗ್, ಹೊಸೂರು

ಬೇಕು ಬೇಕು. ಬೆಲ್ ಒಂದಿಷ್ಟು ಆಡಲೇಬೇಕು, 0.2ರಿಂದ 0.5 ಮಿಲಿಮೀಟರ್. ಬಿಸಿಗೆ ಎಲ್ಲಾ ಹಿಗ್ಗುತ್ತೆ. ಜಾಗ ಇಲ್ಲದಿದ್ದರೆ ಬೇರಿಂಗ್ ಮೇಲೆ ಪಕ್ಕದಿಂದ ಒತ್ತಡ ಬಿದ್ದು ಅದೇ ಸುಡುತ್ತೆ. ಅದಕ್ಕೇ ತಣ್ಣಗಿರುವಾಗ ಚೆನ್ನಾಗಿ ಓಡ್ತಿತ್ತು.

ಬೇರಿಂಗ್ ಅಳತೆ 5×10×4 ಮಿಲಿಮೀಟರ್ ಇರಬೇಕು, ಹಳೇದನ್ನ ಅಳೆದು ನೋಡು. ಎಂಆರ್105 ಅಂತ ಕೇಳು. ಎರಡೂ ಬದಲಾಯಿಸು, ಒಂದೇ ಹಾಕಿ ಜಿಪುಣತನ ಮಾಡಬೇಡ. ಸ್ಪ್ರಿಂಗ್ ತಂತಿ 1.0 ಮಿಲಿಮೀಟರ್ ದಪ್ಪ ಇದ್ದರೆ ಅದೇ ಇರಲಿ. 1.1 ಹಾಕಿದರೆ ಕ್ಲಚ್ ತಡವಾಗಿ, ಜಾಸ್ತಿ ಸ್ಪೀಡಲ್ಲಿ ಕಚ್ಚುತ್ತೆ. ನಿಮ್ಮ ಧೂಳಿನಲ್ಲಿ ಟೈರ್ ಸುಮ್ನೆ ತಿರುಗುತ್ತೆ ಅಷ್ಟೇ.

ಮುಖ್ಯ ವಿಷಯ: ಕ್ಲಚ್ ಸರಿ ಮಾಡಿ ಹಳೇ ನೀಡಲ್ ಸೆಟ್ಟಿಂಗಲ್ಲೇ ಸ್ಟಾರ್ಟ್ ಮಾಡಬೇಡ. ಆ ಐಡಲ್ ಏರಿಸಿದ್ದು ಕ್ಲಚ್ಚಿನ ಭಾರ ಎಳೆಯೋಕೆ. ಭಾರ ಹೋದರೆ ಎಂಜಿನ್ ಕಿರುಚುತ್ತೆ. ಎರಡೂ ನೀಡಲ್ ಪುಸ್ತಕದಲ್ಲಿರೋ ಹಾಗೆ ಇಟ್ಟು, ಬಿಸಿ ಮಾಡಿ, ಮೊದಲು ಹೈ ನೀಡಲ್ (ಫುಲ್ ಸ್ಪೀಡಿನ ಇಂಧನಕ್ಕೆ). ಫುಲ್ ಥ್ರಾಟಲ್‌ನಲ್ಲಿ ಹಿಂದೆ ತೆಳು ಹೊಗೆಯ ಗೆರೆ ಕಾಣಲೇಬೇಕು. ಆಮೇಲೆ ಲೋ, ಕೊನೆಗೆ ಐಡಲ್. ಒಂದು ಸಲಕ್ಕೆ ಗಂಟೆ ಮುಳ್ಳಿನ ಒಂದು ಗಂಟೆಯಷ್ಟೇ ತಿರುಗಿಸು.

ಪಂಪಿನಂಗಡಿ, ಮುಳ್ಳೇರಿಯ

ಬೇರಿಂಗು ಕೂರಿಸುವಾಗ ಸುತ್ತಿಗೆಯಿಂದ ನೇರ ಬಡಿಯಬೇಡ. ಹಳೆ ಬೇರಿಂಗನ್ನು ಹೊಸದರ ಮೇಲಿಟ್ಟು, ಅದರ ಮೇಲೆ ಮರದ ತುಂಡಿಟ್ಟು ಮೆಲ್ಲ ಬಡಿ.

ಕೆಂಪುಧೂಳು, ಪೆರ್ಲ (ಮುಂದಿನ ಭಾನುವಾರ)

ಬೇರಿಂಗಿಗೆ ಮಂಗಳೂರಿಗೆ ಹೋಗಬೇಕಾಯಿತು. ಅಂಗಡಿಯವರು ಕೈಯಲ್ಲಿ ಹಿಡಿದು, ಇಷ್ಟು ಸಣ್ಣದು ಯಾವ ಮಿಷನ್ನಿಗೆ ಅಂತ ಕೇಳಿದರು. ಆಟದ ಕಾರಿಗೆ ಅನ್ನಲು ನಾಚಿಕೆಯಾಗಿ "ಒಂದು ಮಿಷನ್ನಿಗೆ" ಅಂದೆ.

ಅಣ್ಣ ಹೇಳಿದ ಹಾಗೆಯೇ ಕೂರಿಸಿದೆ. ಶಿಮ್ ಒಂದೇ. ಬೆಲ್ ಈಗ ದಪ್ಪ ಕಾಗದದಷ್ಟು ಆಡುತ್ತದೆ, ಬೆರಳಿನಲ್ಲಿ ತಳ್ಳಿದರೆ ಟಿಕ್ ಅನ್ನುತ್ತದೆ. ಏರ್ ಫಿಲ್ಟರಿನ ಸ್ಪಂಜು ತೊಳೆದು ಎಣ್ಣೆ ಹಾಕಿದೆ, ತೊಳೆದ ನೀರು ಸಾರಿನ ಬಣ್ಣ. ನೀಡಲ್ ಎಲ್ಲ ಮೊದಲಿನಿಂದ ಇಟ್ಟೆ. ಹೊಗೆಯ ಗೆರೆ ಸಿಕ್ಕಿತು, ಪಿಂಚ್ ಎರಡೂವರೆ ಸೆಕೆಂಡು. ಭಾವನ ಹತ್ತಿರ ಇದ್ದ ಬಿಸಿ ಅಳೆಯುವ ಗನ್ನಿನಲ್ಲಿ ಹೆಡ್ ನೋಡಿದರೆ 112 ಡಿಗ್ರಿ. ಐಡಲ್ ಎಷ್ಟು ಇಳಿಸಿದೆ ಅಂದರೆ ಗುಡುಗುಡು ಅಂತ ಒಂದೊಂದೇ ಕೇಳಬೇಕು, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ನಾಲ್ಕು ಟ್ಯಾಂಕ್ ಓಡಿಸಿದೆ, ಒಂದು ಟ್ಯಾಂಕ್ 125 ಸಿಸಿ. ಆ ಕೊನೆಯ ತಿರುವಿನಲ್ಲಿ ಬೇಕೆಂದೇ ಹತ್ತಿಪ್ಪತ್ತು ಸಲ ಬ್ರೇಕ್ ಹಿಡಿದೆ. ಒಮ್ಮೆಯೂ ಸಾಯಲಿಲ್ಲ. ಐದನೆಯದ್ದು ತುಂಬಿಸುವಾಗ ಅಮ್ಮ ಕೆಳಗಿನಿಂದ ಕರೆದರು, ಅಡಿಕೆ ಒಳಗೆ ಹಾಕುವ ಹೊತ್ತಾಗಿತ್ತು.

ಮುಳ್ಳೇರಿಯದ ಅಣ್ಣ, ನಮ್ಮ ಹುಲ್ಲಿನ ಮಿಷನ್ನಿನ ಬ್ಲೇಡು ಐಡಲಿನಲ್ಲಿ ತಿರುಗುತ್ತಾ ಇರುವುದು ಈಗಷ್ಟೇ ಗಮನಕ್ಕೆ ಬಂತು. ಬುಧವಾರ ತಂದರೆ ಅಂಗಡಿಯಲ್ಲಿ ಇರುತ್ತೀರಾ?

ಪಂಪಿನಂಗಡಿ, ಮುಳ್ಳೇರಿಯ

ಬುಧವಾರ ಮಧ್ಯಾಹ್ನದ ನಂತರ ಬಾ. ಆ ಕಾರನ್ನೂ ತಾ, ಮಗನಿಗೆ ನೋಡಬೇಕಂತೆ.